ಏರಿಯಿಂದ ಇಳಿದು ಹಸಿಮಣ್ಣಿನವರೆಗೆ: ಕೆರೆ ಹೂಗಳನ್ನು ನಾನು ಗುರುತಿಸುವ ಬಗೆ

ತುಮಕೂರು ಕಡೆಯ ಕೆರೆಗಳಲ್ಲಿ ಶಿವರಾತ್ರಿ ಕಳೆದ ಮೇಲೆ ನೀರು ಹಿಂದೆ ಸರಿಯುತ್ತದೆ. ಏರಿ ಮೇಲಿನ ಹೊಂಗೆ ಚಿಗುರುವ ಕಾಲ. ನಾನು ಮಾತ್ರ ನೆಲ ನೋಡಿಕೊಂಡು ನಡೆಯುತ್ತೇನೆ. ನೀರು ಬಿಟ್ಟ ಕೆರೆಯಂಗಳದಲ್ಲಿ ಸಣ್ಣ ಹೂಗಳು ಜಾಸ್ತಿ ಸಿಗುವುದು ಆಗಲೇ.

ಬಣ್ಣ ಹಿಡಿದು ಹುಡುಕಿದರೆ ತಲೆ ಕೆಡುತ್ತದೆ. ಕಣ್ಣಿಗೆ ಬೀಳುವುದೆಲ್ಲ ಬಿಳಿಯೇ ಅಲ್ವಾ? ಹಾಗಾಗಿ ಮೊದಲು ಗಿಡ ನಿಂತಿರುವ ಜಾಗ ನೋಡುತ್ತೇನೆ. ಆಮೇಲೆ ಕಾಂಡ, ಎಲೆ. ಹೂವು ಕೊನೆಗೆ.

ಏರಿಯ ಒಣ ನೆಲದಲ್ಲಿ ತುಂಬೆ. ಕಾಂಡವನ್ನು ಬೆರಳಲ್ಲಿ ಉರುಳಿಸಿದರೆ ನಾಲ್ಕು ಮೂಲೆ ಕೈಗೆ ತಾಕುತ್ತದೆ. ಎಲೆಗಳು ಎದುರುಬದುರು. ಎರಡೂ ತುಳಸಿ ಕುಟುಂಬದ ಗುರುತು. ಪಕ್ಕದಲ್ಲೇ ಟ್ರೈಡಾಕ್ಸ್ ಇರುತ್ತದೆ, ಗಾಯಕ್ಕೆ ರಸ ಹಿಂಡುತ್ತಾರಲ್ಲ, ಅದು. ಉದ್ದ ತೊಟ್ಟಿನ ತುದಿಯಲ್ಲಿ ಒಂದೇ ಹೂವು, ಮಧ್ಯೆ ಹಳದಿ, ಸುತ್ತಲಿನ ಎಸಳುಗಳ ತುದಿ ಸೀಳಿರುತ್ತದೆ.

ಕೆಳಗೆ ಒದ್ದೆ ಮಣ್ಣಿಗೆ ಇಳಿದರೆ ಗರುಗ. ಇದರದ್ದೂ ಬಿಳಿ ಹೂವೇ, ಆದರೆ ಎಸಳುಗಳು ದಾರದೆಳೆಯಷ್ಟು ಸಣ್ಣ. ಅನುಮಾನ ಬಂದರೆ ಕಾಂಡ ಹೊಸಕಿ ಸ್ವಲ್ಪ ಹೊತ್ತು ಕಾಯಿರಿ, ರಸ ಕಪ್ಪಾಗುತ್ತದೆ. ಹೊನಗೊನ್ನೆಯಲ್ಲಿ ಹೂವಿಗೆ ತೊಟ್ಟೇ ಇಲ್ಲ. ಎಲೆಯ ಬುಡಕ್ಕೆ ಅಂಟಿಕೊಂಡ ಬಿಳಿ ಉಂಡೆ, ಮುಟ್ಟಿದರೆ ಕಾಗದದ ಹಾಗೆ ಒಣಒಣ. ನೆಲಹಿಪ್ಪಲಿ ಚಾಪೆಯಂತೆ ಹರಡಿದ್ದರೂ ಹೂಗೊಂಚಲನ್ನು ಉದ್ದ ತೊಟ್ಟಿನ ಮೇಲೆ ಎತ್ತಿ ಹಿಡಿದಿರುತ್ತದೆ. ಅದರ ಎಲೆಯ ಮೇಲರ್ಧಕ್ಕೆ ಮಾತ್ರ ಹಲ್ಲು, ಬುಡದ ಅಂಚು ನುಣುಪು. ಇಷ್ಟು ನೋಡಿಕೊಂಡರೆ ಮೂರೂ ಬೇರೆಬೇರೆಯಾಗಿ ನಿಲ್ಲುತ್ತವೆ.

ನನಗೆ ತುಂಬಾ ಇಷ್ಟವಾದದ್ದು ಚೇಳುಕೊಂಡಿ. ಹೂಗೊಂಚಲ ತುದಿ ಸುರುಳಿ ಸುತ್ತಿಕೊಂಡಿರುತ್ತದೆ. ಸುರುಳಿ ಬಿಚ್ಚಿದಂತೆ ಬುಡದಿಂದ ತುದಿಯ ಕಡೆಗೆ ತೆಳು ನೇರಳೆ ಹೂಗಳು ಅರಳುತ್ತಾ ಹೋಗುತ್ತವೆ. ಇದನ್ನು ಒಮ್ಮೆ ಕಂಡವರಿಗೆ ಪುಸ್ತಕ ಬೇಕಿಲ್ಲ.

ಫೋಟೋ ತೆಗೆಯುವಾಗ ಹೂವಿನ ಮುಖ ಒಂದೇ ಸಾಲದು. ಪಕ್ಕದಿಂದ ಒಂದು, ಎಲೆ ಕಾಂಡಕ್ಕೆ ಸೇರುವಲ್ಲಿ ಒಂದು, ಇಡೀ ಗಿಡದ್ದೊಂದು. ಫೋಟೋ ನೋಡಿ ಗಿಡದ ಹೆಸರು ಸೂಚಿಸುವ ಐನ್ಯಾಚುರಲಿಸ್ಟ್ ಆ್ಯಪ್‌ಗೆ ಇವನ್ನೆಲ್ಲ ಕೊಟ್ಟರೆ ಉತ್ತರ ಹತ್ತಿರಕ್ಕೆ ಬರುತ್ತದೆ. ಅದು ಹೇಳಿದ್ದನ್ನು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲಿ ಇನ್ನೊಮ್ಮೆ ನೋಡುತ್ತೇನೆ. ಆದರೂ ನನಗೆ ಹೆಚ್ಚು ನಂಬಿಕೆ ಸೊಪ್ಪು ಕುಯ್ಯುವ ಹೆಂಗಸರ ಮೇಲೆ. ಹೂವು ಬಿಡುವ ಮುಂಚೆಯೇ ಹೊನಗೊನ್ನೆ ಅಂತ ಹೇಳಿಬಿಡುತ್ತಾರೆ. "ಬರೀ ಪಟ ತಗೀತೀಯಲ್ಲಪ್ಪ, ಒಂದಿನ ಸಾರು ಮಾಡ್ಸು" ಅಂತ ನಗುತ್ತಾರೆ. ಚರಂಡಿ ನೀರು ಸೇರುವ ಕೆರೆಯದ್ದಾದರೆ ಮಾತ್ರ ಆ ಸಾರು ಬೇಡ.

ಕಾಂಗ್ರೆಸ್ ಗಿಡವನ್ನು ಬರಿಗೈಲಿ ಮುಟ್ಟಬೇಡಿ. ಕೆಲವರಿಗೆ ಚರ್ಮ ಕೆರೆದು ಹುಣ್ಣಾಗುತ್ತದೆ. ಸೀಳುಸೀಳು ಎಲೆ ಕಂಡರೆ ಸುಮ್ನೆ ಮುಂದೆ ಹೋಗುವುದು ಒಳ್ಳೆಯದು.

ಇನ್ನು ಹೊತ್ತಿನ ವಿಷಯ. ಏರಿಯ ಇಳಿಜಾರಿನಲ್ಲಿ ವಿಷ್ಣುಕ್ರಾಂತಿಯ ನೀಲಿ ಹೂಗಳು ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡುತ್ತವೆ. ಅದಕ್ಕೇ ನಾನು ಏರಿ ಮುಗಿಸಿಕೊಂಡೇ ಅಂಗಳಕ್ಕೆ ಇಳಿಯುವುದು.