ಕಾಕಂಬಿ ತೊಟ್ಟಿಯಿಂದ ಎದ್ದು ಬಂದ ಷೆವರ್ಲೆ ಪಿಕಪ್

"ಸಾರ್, ಇದು ಲಾರಿ ಕ್ಯಾಬಿನ್ನು. ಚಾಸಿ ಕತ್ತರಿಸಿ ಪಿಕಪ್ ಮಾಡಿದ್ದಾರೆ. ಇದಕ್ಕೆ ದುಡ್ಡು ಸುರೀಬೇಡಿ." ಸಕಲೇಶಪುರದ ಕಡೆಯ ತೋಟವೊಂದರಿಂದ ಗಾಡಿ ತಂದು ಮದ್ದೂರಿನ ಹತ್ತಿರ ನಮ್ಮ ಶೆಡ್ಡಿನಲ್ಲಿ ಇಳಿಸಿದ ದಿನ ಟಿಂಕರಿಂಗ್ ಮೇಸ್ತ್ರಿ ಹೇಳಿದ ಮಾತಿದು. ಸ್ನೇಹಿತರೂ ಅದನ್ನೇ ಹೇಳಿದರು. ಆಗಿನ ಷೆವರ್ಲೆಯಲ್ಲಿ ಅರ್ಧ ಟನ್ ಪಿಕಪ್ಪಿಗೂ ದೊಡ್ಡ ಲಾರಿಗೂ ಕ್ಯಾಬಿನ್ ಒಂದೇ ಥರ. ನಮ್ಮ ಕಡೆ ಓಡಾಡಿದ್ದು ಲಾರಿ, ಬಸ್ಸುಗಳೇ ಜಾಸ್ತಿ. ಜೊತೆಗೆ ಆರ್‌ಸಿಯಲ್ಲಿ 1954 ಅಂತ ಇತ್ತು, ಬಾನೆಟ್ ಎತ್ತಿದರೆ ಪರ್ಕಿನ್ಸ್ ಕಂಪನಿಯ ಹಳೇ ಡೀಸೆಲ್ ಇಂಜಿನ್. ಅನುಮಾನ ಬರೋದು ಸಹಜವೇ.

ನಾನು ಕೊಳ್ಳುವ ಮುಂಚೆ ಟಾರ್ಚು, ಟೇಪು ಹಿಡಿದು ಒಂದು ಗಂಟೆ ಅಡಿಯಲ್ಲಿ ಮಲಗಿದ್ದೆ. ಚಕ್ರದ ನಡುವಿನಿಂದ ನಡುವಿಗೆ 116 ಇಂಚು. ಚಕ್ರಕ್ಕೆ ಆರೇ ಬೋಲ್ಟು. ಹಿಂದಿನ ಚಕ್ರಗಳನ್ನು ತಿರುಗಿಸುವ ಪ್ರೊಪೆಲ್ಲರ್ ಶಾಫ್ಟ್ ಕೊಳವೆಯ ಒಳಗೆ ಮುಚ್ಚಿಕೊಂಡಿದೆ. ಲಾರಿಗೆ ಈ ಕೊಳವೆ ಎಲ್ಲಿಂದ ಬರಬೇಕು? ಚಾಸಿ ಕತ್ತರಿಸಿದ್ದರೆ ಎಲ್ಲೋ ಒಂದು ಕಡೆ ವೆಲ್ಡಿಂಗ್ ಗೆರೆ ಇರಲೇಬೇಕು. ಉದ್ದಕ್ಕೂ ಬೆರಳಾಡಿಸಿದೆ, ಬರೀ ಕಂಪನಿಯ ರಿವೆಟ್ಟು. ಇದು ಕತ್ತರಿಸಿದ ಲಾರಿಯಲ್ಲ, ಅಪ್ಪಟ 3100, ಅಂದರೆ ಷೆವರ್ಲೆಯ ಅರ್ಧ ಟನ್ ಪಿಕಪ್ಪೇ ಅಂತ ಅಲ್ಲೇ ತೀರ್ಮಾನ ಮಾಡಿದೆ. ಸುಮಾರು 1 ಲಕ್ಷ 80 ಸಾವಿರ ಕೊಟ್ಟೆ, ಸಾಗಿಸೋಕೆ ಇನ್ನೊಂದು 14 ಸಾವಿರ.

ಉಳಿದಿದ್ದು ವರ್ಷದ ಪ್ರಶ್ನೆ. 1954ರ ಮಾಡೆಲ್ಲಿಗೆ ಮುಂದಿನ ಗಾಜು ಒಂದೇ ಹಲಗೆ. ನಮ್ಮದು ನಡುವೆ ಪಟ್ಟಿ ಇರುವ ಎರಡು ಗಾಜಿನದು. ಆರ್‌ಸಿಯ ವರ್ಷ ನೋಂದಣಿಯದ್ದೇ ಹೊರತು ಗಾಡಿ ಹುಟ್ಟಿದ್ದಲ್ಲ. ಮುಂಬಯಿಯ ಸೇವ್ರಿಯಲ್ಲಿ 1928ರಿಂದ ಗಾಡಿ ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ 1954ಕ್ಕೆ ಬಾಗಿಲು ಹಾಕಿತು, ಅದು ಆ ಕಾಲದ ಗಾಡಿ ಅನ್ನೋದಷ್ಟೇ ಗೊತ್ತಾಗುತ್ತೆ. ಬಾಗಿಲಲ್ಲಿ ಪಕ್ಕದ ತಿರುಗುವ ಚಿಕ್ಕ ಗಾಜು ಇಲ್ಲ, ಅಂದರೆ 1951ಕ್ಕಿಂತ ಹಿಂದಿನದು. ಎಷ್ಟು ಹಿಂದಿನದು? ಅದನ್ನು ಹೇಳಬೇಕಾದ ಜಾಗಗಳೆಲ್ಲ ಪುಟ್ಟಿ ಮತ್ತು ತುಕ್ಕಿನ ಅಡಿ ಇದ್ದವು.

ಮೊದಲು ಒಂದು ಬಾಗಿಲನ್ನು ಸ್ಯಾಂಡ್ ಬ್ಲಾಸ್ಟಿಂಗಿಗೆ, ಅಂದರೆ ಮರಳು ಚಿಮ್ಮಿಸಿ ತುಕ್ಕು ತೆಗೆಯೋಕೆ ಕಳಿಸಿದೆ. ವಾಪಸ್ ಬಂದಾಗ ಹಾಳೆ ಅಲೆಅಲೆಯಾಗಿತ್ತು. ನಾಲ್ಕೂವರೆ ಸಾವಿರ ಹೋಯಿತು, ಬಾಗಿಲೂ ಹೋಯಿತು. ಆಮೇಲೆ ಬಟ್ಟೆ ಸೋಡಾ ನೀರಲ್ಲಿ ಮುಳುಗಿಸಿ, ಬ್ಯಾಟರಿ ಚಾರ್ಜರಿಂದ ಕರೆಂಟ್ ಹಾಯಿಸಿ ನೋಡಿದೆ. ಬ್ರಾಕೆಟ್ಟಿಗೆ ಚೆನ್ನಾಗಿದೆ. ಆದರೆ ಮಡಿಕೆಗಳ ಒಳಗೆ ಹೋಗೋದಿಲ್ಲ, ತುಕ್ಕು ಇರೋದೇ ಅಲ್ಲಿ ಅಲ್ವಾ?

ಕಾಕಂಬಿ, ಅಂದರೆ ಕಬ್ಬಿನ ಹಾಲಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕದಲ್ಲಿ ನೆನೆಸುತ್ತೇನೆ ಅಂದಾಗ ಎಲ್ಲರೂ ನಕ್ಕರು. ಬೆಲ್ಲದ ನೀರಲ್ಲಿ ತುಕ್ಕು ಹೋಗುತ್ತಾ ಅಂದರು. ನಮ್ಮದು ಕಬ್ಬಿನ ನಾಡು. ದನದ ಮೇವಿಗೆ ಮಾರುವ ಕಾಕಂಬಿ ಎರಡು ಡ್ರಮ್ ತಂದೆ, 13 ಸಾವಿರ ಆಗಿರಬೇಕು. ಶೆಡ್ಡಿನ ಹಿಂದೆ ಇಟ್ಟಿಗೆ ಸುತ್ತಿ, ಎರಡು ಪದರ ಟಾರ್ಪಾಲು ಹಾಸಿ ತೊಟ್ಟಿ ಕಟ್ಟಿದೆ. ಏಳು ಅಡಿ, ಆರೂವರೆ ಅಡಿ, ಆಳ ಮೂರು. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು.

ಸಂಕ್ರಾಂತಿ ಚಳಿಯಲ್ಲಿ ಎರಡು ಮಡ್‌ಗಾರ್ಡ್ ಇಳಿಸಿದೆ. ಮೂರು ವಾರ ಕಳೆದರೂ ಏನೂ ಆಗಲಿಲ್ಲ. ಮೇಸ್ತ್ರಿ ದಿನಾ ಬಂದು ತೊಟ್ಟಿ ನೋಡಿ ತಲೆ ಅಲ್ಲಾಡಿಸಿ ಹೋಗುತ್ತಿದ್ದರು. ಬಿಸಿಲು ಏರಿದ ಮೇಲೆ ಆಟ ಬದಲಾಯಿತು. ಯುಗಾದಿ ಹೊತ್ತಿಗೆ ಮೇಲೆ ನೊರೆ, ಹುಳಿ ವಾಸನೆ, ನೊಣ. ಮಡ್‌ಗಾರ್ಡ್ ಎತ್ತಿದರೆ ಮೇಲೆಲ್ಲ ಕಪ್ಪು ಕೆಸರು. ಹೆಬ್ಬೆರಳಿಂದ ಒರೆಸಿದೆ. ಕೆಳಗೆ ಬೂದು ಬಣ್ಣದ ಬರಿ ಲೋಹ. ಅಂಚು ಮಡಿಚಿದ ಸಂದಿಯೊಳಗೂ ಹಾಗೇ. ಮೇಸ್ತ್ರಿ ಉಗುರು ಹಾಕಿ ಕೆರೆದು ನೋಡಿ, "ಇನ್ನೊಂದು ಬಾಗಿಲೂ ಹಾಕೋಣ ಸಾರ್" ಅಂದರು.

ಎಡವಿದ್ದು ಕ್ಯಾಬಿನ್ ಇಳಿಸಿದಾಗ. ಪೂರ್ತಿ ಮುಳುಗಲ್ಲ, ಅರ್ಧ ಮುಳುಗಿಸಿ ಆಮೇಲೆ ಮಗುಚಬೇಕು. ಹತ್ತು ದಿನಕ್ಕೆ ನೋಡಿದರೆ ನೀರಿನ ಅಂಚು ನಿಂತ ಕಡೆ ಹಾಳೆಯ ಮೇಲೆ ಗೀರು ಹಾಕಿದ ಹಾಗೆ ತಿಂದುಬಿಟ್ಟಿದೆ. ಅವತ್ತಿಂದ ಎರಡು ದಿನಕ್ಕೊಮ್ಮೆ ಮಟ್ಟವನ್ನು ನಾಲ್ಕು ಬೆರಳು ಏರಿಸುತ್ತಾ ಹೋದೆ, ಅಂಚಿಗೆ ಗ್ರೀಸ್ ಬಳಿದೆ. ನೊರೆ ಜಾಸ್ತಿಯಾಗಿ ದ್ರಾವಣ ಸತ್ತುಹೋಗದ ಹಾಗೆ ನಾನು ಇನ್ನೊಂದು ಸಾಮಾನು ಹಾಕುತ್ತೇನೆ. ಅದು ನಾಲ್ಕು ತೊಟ್ಟಿ ಕೆಡಿಸಿ ಕಲಿತದ್ದು, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಒಂದು ಎಚ್ಚರ. ಸತುವಿನ ಎರಕ, ಅಲ್ಯೂಮಿನಿಯಂ ಯಾವುದನ್ನೂ ಇದರಲ್ಲಿ ಹಾಕಬೇಡಿ. ಒಂದು ಒರಿಜಿನಲ್ ಹ್ಯಾಂಡಲ್ ಮರೆತು ಬಿಟ್ಟಿದ್ದೆ, ಇದ್ದಿಲಿನ ಹಾಗೆ ಪುಡಿಪುಡಿಯಾಯಿತು. ಅದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಸಣ್ಣ ಬೋಲ್ಟುಗಳಿಗೆ ಹುಣಸೆಹಣ್ಣಿನ ನೀರು ಸಾಕು, ರಾತ್ರಿ ನೆನೆಸಿ ಬೆಳಗ್ಗೆ ಬ್ರಷ್ ಹೊಡೆದರೆ ಆಯಿತು. ಬಳಸಿದ ಕಾಕಂಬಿ ನೀರನ್ನು ತೆಂಗಿನ ಬುಡಕ್ಕೆ ಹಾಕಿ ಅಂದವರಿದ್ದಾರೆ. ಹಳೇ ಬಣ್ಣದಲ್ಲಿ ಸೀಸ ಇರುತ್ತೆ, ನಾನು ಹಾಕಲಿಲ್ಲ. ತೊಳೆದ ದಿನವೇ ಪ್ರೈಮರ್ ಬಿದ್ದುಬಿಡಬೇಕು, ಸಂಜೆಗೆ ಕೆಂಪು ಏಳುತ್ತೆ.

ಕ್ಯಾಬಿನ್ ಎತ್ತಿದ ದಿನ ಮರೆಯೋಕಾಗಲ್ಲ. ಹಿಂದಿನ ಮೂಲೆಯಲ್ಲಿ ಅಂಗೈಯಗಲದ ತಗಡು ಸಡಿಲವಾಗಿತ್ತು. ಕಿತ್ತರೆ ಅಡಿಯಲ್ಲಿ ದುಂಡಗಿನ ತೂತು, ಸುತ್ತ ಕಂಪನಿಯಲ್ಲೇ ಒತ್ತಿ ಮಾಡಿದ ಅಂಚು. ಪೆಟ್ರೋಲ್ ಹಾಕುವ ಬಾಯಿ! ಡೀಸೆಲ್ ಇಂಜಿನ್ ಕೂರಿಸಿದಾಗ ಟ್ಯಾಂಕ್ ಕೆಳಗೆ ಇಳಿಸಿ, ಇದನ್ನು ಮುಚ್ಚಿ ಪುಟ್ಟಿ ಬಳಿದಿದ್ದಾರೆ. ಟ್ಯಾಂಕ್ ಸೀಟಿನ ಹಿಂದೆ ಕ್ಯಾಬಿನ್ ಒಳಗೆ ಬಂದಿದ್ದು 1949ರಿಂದ. ಹಾಗಾದರೆ 49, ಇಲ್ಲವೇ 50. ಮಾರನೇ ದಿನ ಚಾಸಿ ಉಜ್ಜಿದಾಗ ಹಳೇ ಲಿವರ್ ಶಾಕ್ ಅಬ್ಸಾರ್ಬರಿನ ಬೋಲ್ಟ್ ತೂತುಗಳು ಸಿಕ್ಕವು. 1950ಕ್ಕೆ ಕೊಳವೆ ಶಾಕ್ ಬಂತು. ನನ್ನ ಗಾಡಿ 1949ರದ್ದು. ಮೇಸ್ತ್ರಿಗೆ ತೂತು ತೋರಿಸಿದೆ. ಅವರೇ ಆ ಸಂಜೆ ಎಲ್ಲರಿಗೂ ಫೋನ್ ಮಾಡಿ ಹೇಳಿದರು.

ಇಂಜಿನ್ ಕಥೆ ಬೇರೆ. ಡೀಸೆಲ್ ಇರಲಿ ಬಿಡಿ ಅಂತ ಎಷ್ಟೋ ಜನ ಹೇಳಿದರು. ಹುಟ್ಟುವಾಗಿದ್ದ 216 ಘನ ಇಂಚಿನ ಸಿಕ್ಸ್ ಸಿಲಿಂಡರ್ ಪೆಟ್ರೋಲ್ ಇಂಜಿನ್ನೇ ಬೇಕು ಅಂತ ನಾನು ಹಟ ಹಿಡಿದೆ. ಎರಡು ಕಡೆಯಿಂದ ಎರಡು ಅರ್ಧ ಇಂಜಿನ್ ತಂದು ಒಂದು ಮಾಡಿದೆ, 90 ಸಾವಿರದ ಹತ್ತಿರ. ಇದರ ಕನೆಕ್ಟಿಂಗ್ ರಾಡಿನ ಬೇರಿಂಗು ತಂದು ಕೂರಿಸುವ ಶೆಲ್ ಅಲ್ಲ, ವೈಟ್ ಮೆಟಲ್ ಅನ್ನೋ ಮೆತ್ತನೆ ಲೋಹ ಕರಗಿಸಿ ಹುಯ್ಯಬೇಕು. ಮೊದಲ ಸಲ ಮಾಡಿಸಿದ್ದು 38 ಸಾವಿರ, ನೂರು ಕಿಲೋಮೀಟರಿಗೇ ಕಿತ್ತು ಬಂತು. ಹುಯ್ಯುವ ಮುಂಚೆ ಬಳಿಯುವ ತವರ ಸರಿಯಾಗಿ ಹಿಡಿದಿರಲಿಲ್ಲ. ಎರಡನೇ ಸಲ ಗಾಣ, ಗಿರಣಿಗಳ ಬೇರಿಂಗ್ ಹುಯ್ಯುವ ಹಿರಿಯರೊಬ್ಬರ ಹತ್ತಿರ ಹೋದೆ. ನಾಲ್ಕು ದಿನ ಪಕ್ಕದಲ್ಲೇ ಕೂತಿದ್ದೆ. ಅವರು ಹುಯ್ಯುವ ಮುಂಚೆ ಕಬ್ಬಿಣವನ್ನು ಎಷ್ಟು ಕಾಯಿಸುತ್ತಾರೆ ಅನ್ನೋದರಲ್ಲೇ ಎಲ್ಲಾ ಇದೆ. ಅದು ಅವರ ಹೊಟ್ಟೆಪಾಡು, ನಾನು ಬರೆಯೋದಿಲ್ಲ.

ಈಗ ಓಡಿಸುವಾಗ ಆಯಿಲ್ ಒತ್ತಡದ ಮೀಟರ್ 14 ಪೌಂಡಿನ ಆಸುಪಾಸಿನಲ್ಲಿ ನಿಲ್ಲುತ್ತೆ. ನೋಡಿದವರು ಇಂಜಿನ್ ಹೋಯಿತು ಅಂತಾರೆ. ಮೀಟರ್ ಇರೋದೇ 30ರವರೆಗೆ. ಕನೆಕ್ಟಿಂಗ್ ರಾಡಿನ ತುದಿಯ ಚಮಚ ಆಯಿಲ್ ಎರಚಿಕೊಂಡು ಬದುಕುವ ಇಂಜಿನ್ನಿಗೆ ಅಷ್ಟು ಧಾರಾಳ ಸಾಕು. ಹಳೇ ಆರು ವೋಲ್ಟಿನ ಬ್ಯಾಟರಿ, ವೈರಿಂಗನ್ನೂ ಹನ್ನೆರಡಕ್ಕೆ ಬದಲಿಸಲಿಲ್ಲ. ಬ್ಯಾಟರಿ ಕೇಬಲ್ ಹೆಬ್ಬೆರಳು ದಪ್ಪ ಹಾಕಿದೆ, ಬೆಳಗಿನ ಚಳಿಯಲ್ಲೂ ಇಂಜಿನ್ ಎರಡು ಸುತ್ತು ತಿರುಗುವಷ್ಟರಲ್ಲಿ ಸ್ಟಾರ್ಟ್ ಆಗುತ್ತೆ.

ಎಲ್ಲಾ ಸೇರಿ ಮೂರು ವರ್ಷ, ಒಂಬತ್ತೂವರೆ ಲಕ್ಷದ ಆಚೀಚೆ. ಗಾಡಿಯ ಹಿಂಭಾಗದಲ್ಲಿ ಸಾಮಾನು ಹಾಕುವ ಜಾಗದ ತಳಕ್ಕೆ ಒಂಬತ್ತು ಹಲಗೆ ಹೊನ್ನೆ ಮರದಲ್ಲಿ ಕೂರಿಸಿದ್ದೇನೆ. ಲಿವರ್ ಶಾಕ್ ಮಾತ್ರ ಇನ್ನೂ ಸಿಕ್ಕಿಲ್ಲ, ತೂತುಗಳು ಖಾಲಿ ಇವೆ. ಯಾರ ಗೋಡೌನಿನಲ್ಲಾದರೂ ಒಂದು ಜೊತೆ ಇದ್ದರೆ ಗುಜರಿಗೆ ಹಾಕಬೇಡಿ, ನಾನೇ ಬಂದು ತಗೊಂಡು ಹೋಗುತ್ತೇನೆ.