ಎಂಜಿನಿಯರಿಂಗ್ ಸೀಟು: ಸಾಲದ ಲೆಕ್ಕವನ್ನು ಸಂಬಳದಿಂದ ಶುರು ಮಾಡಿ

ಸಿಇಟಿ ರ‍್ಯಾಂಕ್ ಬಂದ ಮೇಲೆ ಮನೆಯಲ್ಲಿ ಏಳುವುದು ಎರಡೇ ಪ್ರಶ್ನೆ: ಕಾಲೇಜಿನ ಶುಲ್ಕ ಎಷ್ಟು, ಬ್ಯಾಂಕು ಎಷ್ಟು ಸಾಲ ಕೊಡುತ್ತದೆ? ಓದು ಮುಗಿಸಿದ ಮಗಳ ಅಥವಾ ಮಗನ ಸಂಬಳಕ್ಕೆ ಆ ಸಾಲದ ಕಂತು ಭಾರವಾಗುವುದಿಲ್ಲವೇ ಎಂದು ಕೇಳುವವರು ಕಡಿಮೆ. ಬ್ಯಾಂಕು ಕೊಟ್ಟಷ್ಟನ್ನೂ ತೀರಿಸಬಲ್ಲೆವು ಎಂದುಕೊಳ್ಳುವುದೇ ದೊಡ್ಡ ಅಪಾಯ. ಆದ್ದರಿಂದ ಸಂಬಳದಿಂದ ಶುರು ಮಾಡಿ ಹಿಂದಕ್ಕೆ ಲೆಕ್ಕ ಹಾಕಿ. ಆಪ್ಷನ್ ಎಂಟ್ರಿಗೆ (ಬೇಕಾದ ಕಾಲೇಜು, ವಿಭಾಗಗಳನ್ನು ನಮೂದಿಸುವುದಕ್ಕೆ) ಮುನ್ನ ಒಂದು ಸಂಜೆ ಕೂತರೆ ಸಾಕು.

ಮೊದಲ ಹೆಜ್ಜೆ: ಫಲಕ ಬಿಡಿ, ಪಟ್ಟಿ ನೋಡಿ

ಕಾಲೇಜಿನ ಗೇಟಿನ ಮುಂದಿನ ಫಲಕದಲ್ಲಿ ಇರುವುದು ಅತಿ ಹೆಚ್ಚು ಸಂಬಳ ಪಡೆದ ಒಬ್ಬಿಬ್ಬರ ಚಿತ್ರ. ನಿಮಗೆ ಬೇಕಾದದ್ದು ಉಳಿದವರ ಕತೆ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕುವ ಕಾಲೇಜುಗಳು ತಾವು ಸಲ್ಲಿಸಿದ ಅಂಕಿಅಂಶಗಳನ್ನು ತಮ್ಮ ಜಾಲತಾಣದಲ್ಲಿ ಹಾಕುತ್ತವೆ. ಅದರಲ್ಲಿ ನಾಲ್ಕು ವರ್ಷದ ಪದವಿಯ ಉದ್ಯೋಗ ಪಟ್ಟಿಯನ್ನು ಹುಡುಕಿ. ಎಷ್ಟು ಮಂದಿ ಸೇರಿದರು, ನಿಗದಿತ ಅವಧಿಯಲ್ಲಿ ಎಷ್ಟು ಮಂದಿ ಪದವಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಅವರ ಮೀಡಿಯನ್ ವೇತನ ಎಷ್ಟು, ಉನ್ನತ ಶಿಕ್ಷಣಕ್ಕೆ ಹೋದವರೆಷ್ಟು ಎಂಬುದೆಲ್ಲ ಒಂದೇ ಸಾಲಿನಲ್ಲಿ ಸಿಗುತ್ತದೆ.

ಆ ಸಾಲನ್ನು ನಿಧಾನವಾಗಿ ಓದಬೇಕು. 600 ಮಂದಿ ಸೇರಿ, 480 ಮಂದಿ ಸಮಯಕ್ಕೆ ಮುಗಿಸಿ, 300 ಮಂದಿಗೆ ಕೆಲಸ ಸಿಕ್ಕಿ, ಮೀಡಿಯನ್ 4.5 ಲಕ್ಷ ಎಂದಿದೆ ಎಂದಿಟ್ಟುಕೊಳ್ಳಿ. ಕೆಲಸ ಸಿಕ್ಕ 300 ಮಂದಿಯಲ್ಲಿ ಅರ್ಧದಷ್ಟು ಜನರ ವೇತನ ಅದಕ್ಕಿಂತ ಕಡಿಮೆ. ಅಂದರೆ ಸೇರಿದ 600ರಲ್ಲಿ 4.5 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಕೆಲಸ ಹಿಡಿದವರು ಸುಮಾರು 150. ಇದು ಎಲ್ಲ ವಿಭಾಗಗಳನ್ನೂ ಸೇರಿಸಿದ ಲೆಕ್ಕ. ಸಿವಿಲ್ ಅಥವಾ ಮೆಕ್ಯಾನಿಕಲ್ ಸೇರುವವರು ಕಂಪ್ಯೂಟರ್ ಸೈನ್ಸಿನವರ ಸಂಬಳವನ್ನು ನೆಚ್ಚಿ ಸಾಲ ಮಾಡಬಾರದು. ಪ್ಲೇಸ್‌ಮೆಂಟ್ ಅಧಿಕಾರಿಯನ್ನು ಕಂಡು ವಿಭಾಗವಾರು ಸಂಖ್ಯೆ ಕೇಳಿ. ಸಂಖ್ಯೆ ಕೊಡದೆ ಕಂಪನಿಗಳ ಹೆಸರನ್ನಷ್ಟೇ ಹೇಳಿದರೆ ಆ ಕಾಲೇಜನ್ನು ನಾನು ಪಟ್ಟಿಯಲ್ಲಿ ಕೆಳಕ್ಕೆ ಇಳಿಸುತ್ತೇನೆ.

ಎರಡನೆಯ ಹೆಜ್ಜೆ: ಕೈಗೆ ಬರುವುದೆಷ್ಟು?

ಹೊಸಬರನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆದುಕೊಳ್ಳುವ ಐಟಿ ಸೇವಾ ಕಂಪನಿಗಳ ಆರಂಭಿಕ ವೇತನ ಬಹಳ ವರ್ಷಗಳಿಂದ ವಾರ್ಷಿಕ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. 3.6 ಲಕ್ಷ ಎಂದರೆ ತಿಂಗಳಿಗೆ 30 ಸಾವಿರ ಎಂದು ಭಾಗಿಸಿಬಿಡಬೇಡಿ. ಕಂಪನಿಯ ಪಾಲಿನ ಪಿಎಫ್, ಗ್ರಾಚ್ಯುಟಿ, ಕೆಲವೆಡೆ ವಿಮೆಯ ಕಂತು ಕೂಡ ಆ ಮೊತ್ತದೊಳಗೇ ಇರುತ್ತವೆ. ನೌಕರರ ಪಾಲಿನ ಪಿಎಫ್ ಮತ್ತು ವೃತ್ತಿ ತೆರಿಗೆ ಬೇರೆ. ಇವೆಲ್ಲ ಕಳೆದು ಖಾತೆಗೆ ಬೀಳುವುದು 25 ಸಾವಿರದಷ್ಟು. ಬೆಂಗಳೂರಿನ ಪಿಜಿ, ಊಟ, ಬಸ್ಸು, ಮೊಬೈಲ್ ಖರ್ಚು ಹೊರಡಬೇಕಾದದ್ದೂ ಇದರಲ್ಲೇ.

ಮೂರನೆಯ ಹೆಜ್ಜೆ: ಓದುವಾಗಲೇ ಬೆಳೆಯುವ ಸಾಲ

ವರ್ಷಕ್ಕೆ 2 ಲಕ್ಷದಂತೆ ನಾಲ್ಕು ವರ್ಷ, ಒಟ್ಟು 8 ಲಕ್ಷ ಸಾಲ. ಬಡ್ಡಿ ಶೇ 10 ಎಂದುಕೊಳ್ಳಿ. ಓದುವ ಅವಧಿ ಮತ್ತು ಆಮೇಲಿನ ಒಂದು ವರ್ಷ ಸಾಮಾನ್ಯವಾಗಿ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿಗೆ ರಜೆ ಇಲ್ಲ. ಮೊದಲ ವರ್ಷದ 2 ಲಕ್ಷಕ್ಕೆ ಐದು ವರ್ಷದ ಸರಳ ಬಡ್ಡಿ 1 ಲಕ್ಷ. ಮುಂದಿನ ಮೂರು ವರ್ಷದ ಹಣಕ್ಕೆ ಕ್ರಮವಾಗಿ 80, 60, 40 ಸಾವಿರ. ಹೀಗೆ 2.8 ಲಕ್ಷ ಬಡ್ಡಿ ಅಸಲಿಗೆ ಸೇರಿ, ಕಂತು ಶುರುವಾಗುವ ದಿನ ಸಾಲ 10.8 ಲಕ್ಷಕ್ಕೆ ಏರಿರುತ್ತದೆ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 14,270 ರೂಪಾಯಿ ಬೇಕು. ಕೈಗೆ ಬರುವ 25 ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚು! ಅವಧಿಯನ್ನು ಹದಿನೈದು ವರ್ಷಕ್ಕೆ ಎಳೆದರೆ ಕಂತು 11,600ಕ್ಕೆ ಇಳಿಯುತ್ತದೆ, ಆದರೆ ಒಟ್ಟು ಪಾವತಿ 17 ಲಕ್ಷದಿಂದ ಸುಮಾರು 21 ಲಕ್ಷಕ್ಕೆ ಹೋಗುತ್ತದೆ.

ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆ ವಿನಾಯಿತಿ ಇದೆಯಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ಆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಸಿಗುತ್ತದೆ. ಇಷ್ಟು ಸಂಬಳಕ್ಕೆ ತೆರಿಗೆಯೇ ಬೀಳದಿರುವಾಗ ಅದರಿಂದ ಉಳಿಯುವುದೇನೂ ಇಲ್ಲ.

ನಾಲ್ಕನೆಯ ಹೆಜ್ಜೆ: ಹಿಂದಕ್ಕೆ ಲೆಕ್ಕ

ಕಂತು ಕೈಗೆ ಬರುವ ಸಂಬಳದ ಕಾಲು ಭಾಗ ದಾಟಬಾರದು ಎಂಬುದು ನನ್ನ ಅಭಿಪ್ರಾಯ. 25 ಸಾವಿರಕ್ಕೆ ಅದು 6,250. ಶೇ 10ರ ಬಡ್ಡಿಯಲ್ಲಿ, ಹತ್ತು ವರ್ಷಕ್ಕೆ, ಒಂದು ಲಕ್ಷಕ್ಕೆ ಕಂತು ಸುಮಾರು 1,320. ಭಾಗಿಸಿದರೆ 4.7 ಲಕ್ಷ. ಓದುವಾಗ ಕೂಡಿದ ಬಡ್ಡಿಯೂ ಇದರಲ್ಲೇ ಇರುವುದರಿಂದ 1.35ರಿಂದ (ಮೇಲೆ 8 ಲಕ್ಷ 10.8 ಲಕ್ಷವಾದ ಪ್ರಮಾಣ) ಮತ್ತೆ ಭಾಗಿಸಿ. ಉಳಿಯುವುದು ಮೂರೂವರೆ ಲಕ್ಷ. ಆ ಸಂಬಳದ ಭರವಸೆಯ ಮೇಲೆ ನಿಶ್ಚಿಂತೆಯಿಂದ ಮಾಡಬಹುದಾದ ಸಾಲ ಇಷ್ಟೇ. ನೀವು ನೋಡುತ್ತಿರುವ ಕಾಲೇಜಿನ, ನಿಮ್ಮ ವಿಭಾಗದ ವೇತನ ಹೆಚ್ಚಿದ್ದರೆ ಇದೇ ಕ್ರಮದಲ್ಲಿ ಮೊತ್ತವೂ ಹೆಚ್ಚುತ್ತದೆ.

ಐದನೆಯ ಹೆಜ್ಜೆ: ಅಂತರ ತುಂಬುವುದು

ಬೇಕಾದ ಹಣ ಈ ಮಿತಿಯನ್ನು ಮೀರಿದರೆ ಮೊದಲು ಸೀಟಿನ ಬಗೆಯನ್ನೇ ಮರುಪರಿಶೀಲಿಸಿ. ಸಿಇಟಿ ಸೀಟು, ಕಾಮೆಡ್-ಕೆ (ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ) ಸೀಟು, ಮ್ಯಾನೇಜ್‌ಮೆಂಟ್ ಸೀಟು ಪಡೆದವರು ಒಂದೇ ತರಗತಿಯಲ್ಲಿ ಕೂತು ಒಂದೇ ಪದವಿ ಪಡೆಯುತ್ತಾರೆ. ಶುಲ್ಕ ಮಾತ್ರ ಬೇರೆ ಬೇರೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಸಿಇಟಿಯ ಎಸ್‌ಎನ್‌ಕ್ಯೂ (ಹೆಚ್ಚುವರಿ ಸೀಟುಗಳ) ಕೋಟಾದಲ್ಲಿ ಬೋಧನಾ ಶುಲ್ಕದ ವಿನಾಯಿತಿ ಸಿಗಬಹುದು. ಅದಕ್ಕೆ ನಾಡಕಚೇರಿಯ ಆದಾಯ ಪ್ರಮಾಣಪತ್ರ ಮೊದಲೇ ಕೈಯಲ್ಲಿರಲಿ. ಡಿಪ್ಲೊಮಾ ಮಾಡಿ, ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ನೇರ ಎರಡನೆಯ ವರ್ಷಕ್ಕೆ ಸೇರಿದರೆ ಒಂದು ವರ್ಷದ ಶುಲ್ಕವೇ ಉಳಿಯುತ್ತದೆ. ಈ ದಾರಿಯನ್ನು ನಮ್ಮಲ್ಲಿ ಅನ್ಯಾಯವಾಗಿ ಕಡೆಗಣಿಸಲಾಗಿದೆ.

ಬಡ್ಡಿಯ ಹೊರೆ ಇಳಿಸಲು 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಇದೆ. ಪಟ್ಟಿಯಲ್ಲಿರುವ ಸಂಸ್ಥೆಗಳಲ್ಲಿ ಅರ್ಹತೆಯ ಮೇಲೆ ಸೀಟು ಪಡೆದ, ಆದಾಯ 8 ಲಕ್ಷದೊಳಗಿರುವ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿ ಮತ್ತು ಆಮೇಲಿನ ಒಂದು ವರ್ಷ ಶೇ 3ರ ಬಡ್ಡಿ ಸಹಾಯಧನ ಸಿಗಬಹುದು. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಸೀಟು ಆಯ್ದುಕೊಳ್ಳುವ ಮೊದಲೇ ನೋಡಿ. ಮನೆಯಲ್ಲಿ ಒಬ್ಬರಿಗಾದರೂ ತಿಂಗಳ ಆದಾಯವಿದ್ದರೆ ಓದುವಾಗಲೇ ಬಡ್ಡಿ ಕಟ್ಟುತ್ತಾ ಬನ್ನಿ. ಮೇಲಿನ ಉದಾಹರಣೆಯಲ್ಲಿ ಮೊದಲ ವರ್ಷ ತಿಂಗಳಿಗೆ 1,670 ರೂಪಾಯಿ, ಕೊನೆಗೆ 6,670. ಹಾಗೆ ಮಾಡಿದರೆ ಸಾಲ 8 ಲಕ್ಷದಲ್ಲೇ ನಿಂತು ಕಂತು 10,570ಕ್ಕೆ ಇಳಿಯುತ್ತದೆ.

ಏಳೂವರೆ ಲಕ್ಷ ದಾಟಿದರೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುತ್ತದೆ. ಸಾಲಪತ್ರಕ್ಕೆ ಅಪ್ಪನೋ ಅಮ್ಮನೋ ಸಹ ಸಾಲಗಾರರಾಗಿ ಸಹಿ ಹಾಕುತ್ತಾರೆ, ಕಂತು ತಪ್ಪಿದರೆ ಅವರ ಸಿಬಿಲ್ ಅಂಕವೂ (ಸಾಲ ತೀರಿಸುವ ಶಿಸ್ತಿಗೆ ಸಿಗುವ ಅಂಕ) ಕುಸಿಯುತ್ತದೆ. ಹೊಲದ ಪಹಣಿಯನ್ನು ಬ್ಯಾಂಕಿಗೆ ಒಯ್ಯುವ ಮುನ್ನ ಈ ಐದೂ ಲೆಕ್ಕವನ್ನು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಕೈಯಲ್ಲೇ ಬರೆಸಿ. ಮುಂದೆ ಕಂತು ಕಟ್ಟಬೇಕಾದವರು ಅವರೇ.