ಶನಿವಾರದ ಸಾವಿರ ರೂಪಾಯಿ: ತಿಂಡಿ ಕಾರ್ಖಾನೆಯಲ್ಲಿ ನನ್ನ ಎಚ್‌ಆರ್ ಅಪ್ರೆಂಟಿಸ್‌ಶಿಪ್

ಪ್ಯಾಕಿಂಗ್ ವಿಭಾಗಕ್ಕೆ ಹೊಸದಾಗಿ ಸೇರಿದ ಹತ್ತು ಜನರಲ್ಲಿ ಐದಾರು ಮಂದಿ ಮೊದಲ ಸಂಬಳ ಕಾಣುವ ಮುನ್ನವೇ ಮಾಯವಾಗುತ್ತಿದ್ದ ಕಾರ್ಖಾನೆ ಅದು. ನನ್ನ ಅಪ್ರೆಂಟಿಸ್ ಅವಧಿ ಮುಗಿಯುವ ಹೊತ್ತಿಗೆ ಹಾಗೆ ಹೋಗುವವರು ಹತ್ತಕ್ಕೆ ಇಬ್ಬರು. ‘ಅದು ತಾನಾಗಿಯೇ ಇಳಿದದ್ದು’ ಎಂದು ಇಂದಿಗೂ ಹೇಳಿಕೊಂಡು ತಿರುಗುವ ಮ್ಯಾನೇಜರ್ ಒಬ್ಬರಿದ್ದಾರೆ. ಇದನ್ನು ಅವರೂ ಓದಲಿ.

ಬೆಂಗಳೂರಿನ ಪೀಣ್ಯದ ಮಧ್ಯಮ ಗಾತ್ರದ ಘಟಕ. ಚಿಪ್ಸ್, ಖಾರಾಬೂಂದಿ, ಕೋಡುಬಳೆ, ನಿಪ್ಪಟ್ಟು. ಮುನ್ನೂರು ಚಿಲ್ಲರೆ ಜನ, ಅರ್ಧಕ್ಕೂ ಹೆಚ್ಚು ಗುತ್ತಿಗೆಯವರು. ಬಿ.ಕಾಂ. ಮುಗಿಸಿ 2023ರಲ್ಲಿ ಕೇಂದ್ರದ ಅಪ್ರೆಂಟಿಸ್ ತರಬೇತಿ ಯೋಜನೆ ಎನ್‌ಎಟಿಎಸ್ ಮೂಲಕ ಎಚ್‌ಆರ್, ಅಂದರೆ ಸಿಬ್ಬಂದಿ ವಿಭಾಗಕ್ಕೆ ಸೇರಿದೆ. ಪದವೀಧರರಿಗೆ ಆಗ ಕನಿಷ್ಠ ಶಿಷ್ಯವೇತನ ತಿಂಗಳಿಗೆ 9,000 ರೂಪಾಯಿ, ಅದರಲ್ಲಿ ಅರ್ಧ ಸರ್ಕಾರದ ಪಾಲು. ದಾಸರಹಳ್ಳಿಯ ಪಿಜಿಗೆ ಐದೂವರೆ ಸಾವಿರ ಹೋಗುತ್ತಿತ್ತು. ಆ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಬಸ್ ಉಚಿತವಾಗದೆ, ಮಧ್ಯಾಹ್ನ ಕ್ಯಾಂಟೀನ್ ಊಟವೂ ಸಿಗದೆ ಇದ್ದಿದ್ದರೆ ಬೇರೆ ಕೆಲಸ ಹುಡುಕುತ್ತಿದ್ದೆ. ‘ವರ್ಷವಿಡೀ ಝೆರಾಕ್ಸ್ ತೆಗೆಸುತ್ತಾರೆ ನೋಡು’ ಎಂದು ಗೆಳತಿಯರು ಹೇಳಿದ್ದು ಮೊದಲ ಕೆಲವು ವಾರ ನಿಜವೇ ಆಯಿತು. ಒಬ್ಬಳೇ ಕೆಲಸದವಳು ಆಧಾರ್‌ನಲ್ಲಿ ‘ಮಂಜುಳಾ ಕೆ’, ಬ್ಯಾಂಕಿನಲ್ಲಿ ‘ಕೆ ಮಂಜುಳ’, ಹಳೆಯ ಪಿಎಫ್ ಖಾತೆಯಲ್ಲಿ ‘ಮಂಜುಳಮ್ಮ’. ಇನಿಷಿಯಲ್ ಎಂಬುದು ನಮ್ಮ ಕಡೆಯ ಎಚ್‌ಆರ್‌ನವರಿಗೆ ಅಂಟಿಕೊಂಡ ಶನಿ.

ನಾನು ಮಾಡಿದ ಬುದ್ಧಿವಂತಿಕೆಯ ಕೆಲಸವೆಂದರೆ, ಮೇಲಿನ ಎಸಿ ಕೋಣೆ ಬಿಟ್ಟು ಗೇಟಿನ ಪಕ್ಕದ, ಹಾಜರಾತಿ ನೋಡುವ ಟೈಮ್ ಆಫೀಸಿನಲ್ಲಿ ಕುರ್ಚಿ ಕೇಳಿದ್ದು. ಬೆಳಗಿನ ಆರರ ಪಾಳಿ ಬದಲಾಗುವಾಗ ಅಲ್ಲಿ ಕೂತರೆ ಯಾವ ವರದಿಯಲ್ಲೂ ಇಲ್ಲದ ಸಂಗತಿಗಳು ಕಿವಿಗೆ ಬೀಳುತ್ತವೆ. ಬಿಟ್ಟುಹೋದವರಿಗೆ ಫೋನ್ ಮಾಡಿ ಕೇಳಿದೆ. ‘ಆರೋಗ್ಯ ಸರಿಯಿಲ್ಲ’, ‘ಊರಲ್ಲಿ ಮದುವೆ’ ಎನ್ನುವ ಉತ್ತರಗಳು ಮುಗಿದ ಮೇಲೆ, ಎರಡನೇ ಮೂರನೇ ಕರೆಯಲ್ಲಿ ನಿಜ ಹೊರಬಿತ್ತು: ಕೈಯಲ್ಲಿ ಕಾಸಿಲ್ಲ.

ನಮ್ಮ ಹಾಜರಾತಿ ಲೆಕ್ಕ 26ರಿಂದ ಮುಂದಿನ 25ರವರೆಗೆ, ಸಂಬಳ 7ಕ್ಕೆ. ಆ 7ನ್ನು ನಾವು ಚಾಚೂ ತಪ್ಪದೆ ಪಾಲಿಸುತ್ತಿದ್ದೆವು. ಆದರೆ ಜೂನ್ 27ಕ್ಕೆ ಸೇರಿದ ಹುಡುಗಿ ದುಡ್ಡು ನೋಡುವುದು ಆಗಸ್ಟ್ 7ಕ್ಕೆ. ಯಾದಗಿರಿಯಿಂದಲೋ ಒಡಿಶಾದಿಂದಲೋ ಬಂದು ನಾಲ್ವರು ಸೇರಿ ಬಾಡಿಗೆಗೆ ಕೋಣೆ ಹಿಡಿದವರು ನಲವತ್ತು ದಿನ ಏನು ತಿನ್ನಬೇಕು? ಪಕ್ಕದ ಗಾರ್ಮೆಂಟ್ಸ್‌ನಲ್ಲೋ ಗಾರೆ ಕೆಲಸದಲ್ಲೋ ವಾರಕ್ಕೊಮ್ಮೆ ಬಟವಾಡೆ ಇದ್ದರೆ ಅತ್ತ ಹೋಗುತ್ತಾರೆ.

ನನ್ನ ಸಲಹೆ ಸರಳವಾಗಿತ್ತು. ಸೇರಿದ ಮೊದಲ ನಾಲ್ಕು ಶನಿವಾರ ತಲಾ ಸಾವಿರ ರೂಪಾಯಿ ಕೊಡುವುದು, ಮೊದಲ ಎರಡು ಸಂಬಳಗಳಲ್ಲಿ ಮುರಿದುಕೊಳ್ಳುವುದು. ಸಭೆಯಲ್ಲಿ ನಗು. ‘ನೋಡಮ್ಮ, ದುಡ್ಡು ಕೈಗೆ ಬಂದ ದಿನವೇ ರೈಲು ಹತ್ತುತ್ತಾರೆ’ ಎಂದರು ಉತ್ಪಾದನಾ ವಿಭಾಗದ ಹಿರಿಯರು. ಅಕೌಂಟ್ಸ್‌ನವರು, ಸಾಲ ಕೊಡಲು ಇದೇನು ಸೊಸೈಟಿಯೇ ಎಂದರು. ಇದು ಸಾಲವೇ ಅಲ್ಲ ಎಂಬುದನ್ನು ಒಪ್ಪಿಸುವುದರಲ್ಲಿ ನನ್ನ ಅರ್ಧ ಶಕ್ತಿ ಹೋಯಿತು. ಆರು ದಿನ ದುಡಿದವರಿಗೆ ನಾವು ಆಗಲೇ ಮೂರು ಸಾವಿರದ ಹತ್ತಿರ ಬಾಕಿ ಇದ್ದೇವೆ. ಅದರಲ್ಲಿ ಸಾವಿರ ಕೊಟ್ಟರೆ ಅವರು ಓಡಿಹೋದರೂ ಬಾಕಿದಾರರು ನಾವೇ.

ಇನ್ನೊಂದು ಹಾಳೆಯಲ್ಲಿ ಬಿಟ್ಟುಹೋದವರ ಖರ್ಚು ಬರೆದೆ. ಆಹಾರ ಕಾರ್ಖಾನೆಯಾದ್ದರಿಂದ ಸೇರುವಾಗಲೇ ವೈದ್ಯಕೀಯ ತಪಾಸಣೆ, ಟೈಫಾಯ್ಡ್ ಲಸಿಕೆ: ಏಳೆಂಟು ನೂರು. ಎರಡು ಜೊತೆ ಸಮವಸ್ತ್ರ, ಶೂ, ಟೋಪಿ: ಸಾವಿರದ ಐನೂರರ ಸುಮಾರು. ಜನ ತಂದುಕೊಟ್ಟವರ ಕಮಿಷನ್ನೂ ಹೆಚ್ಚುಕಡಿಮೆ ಅಷ್ಟೇ ಮೊತ್ತ. ಒಬ್ಬರು ಹೋದರೆ ನಾಲ್ಕು ಸಾವಿರದ ಹತ್ತಿರ ನಷ್ಟ, ತಿಂಗಳಿಗೆ ಹತ್ತು ಹನ್ನೆರಡು ಮಂದಿ. ಈ ಹಾಳೆ ನೋಡಿದ ಮೇಲೆ ಒಂದೇ ಒಂದು ಪ್ಯಾಕಿಂಗ್ ಲೈನ್‌ಗೆ ಅನುಮತಿ ಸಿಕ್ಕಿತು.

ಮೊದಲ ಪ್ರಯತ್ನ ಕೆಟ್ಟಿತು. ಬ್ಯಾಂಕಿಗೆ ಹಾಕಿದೆವು, ಅರ್ಧ ಜನರ ಖಾತೆ ಕೆವೈಸಿ ಇಲ್ಲದೆ ನಿಂತುಹೋಗಿತ್ತು, ಕೆಲವರ ಎಟಿಎಂ ಕಾರ್ಡ್ ಊರಿನಲ್ಲಿತ್ತು. ದುಡ್ಡು ಬಂದರೂ ಬಾರದಂತೆಯೇ. ಮುಂದಿನ ತಂಡಕ್ಕೆ ನಗದು, ಸಹಿ, ರಿಜಿಸ್ಟರ್. ಆಮೇಲೆ ಗುತ್ತಿಗೆದಾರನ ಮುನಿಸು. ಅವನು ಕೊಡುತ್ತಿದ್ದ ಕೈಸಾಲವೇ ಅವನ ಜನರನ್ನು ಕಟ್ಟಿಹಾಕುವ ಹಗ್ಗವಾಗಿತ್ತು ಎಂದು ಗೊತ್ತಾಗಲು ನನಗೆ ಸಮಯ ಹಿಡಿಯಿತು. ಅವನನ್ನು ಹೇಗೆ ಒಪ್ಪಿಸಿದೆ ಎಂಬುದನ್ನು ಬರೆಯುವುದಿಲ್ಲ. ಮೂರನೇ ತಿಂಗಳಿಗೆ ಆ ಲೈನ್‌ನಲ್ಲಿ ಜನ ನಿಲ್ಲತೊಡಗಿದರು. ಹಣ ಪಡೆದು ಓಡಿದವರು ಬೆರಳೆಣಿಕೆಯಷ್ಟು. ಅವರ ಲೆಕ್ಕ ಚುಕ್ತಾ ಮಾಡಿದಾಗಲೂ ಕಂಪನಿಯೇ ಕೊಡುವುದಿತ್ತು.

ಜೊತೆಗೆ ಇನ್ನೊಂದನ್ನೂ ಕೆದಕಿದೆ. ನಾನು ಬರುವ ಮೊದಲೇ ಒಂದು ದಿನವೂ ತಪ್ಪಿಸದವರಿಗೆ ಐನೂರು ರೂಪಾಯಿ ಹಾಜರಾತಿ ಬೋನಸ್ ಇತ್ತು. ಬೇರೆ ಕಾರ್ಖಾನೆಯಲ್ಲಿ ಸರಿ, ತಿಂಡಿ ಕಾರ್ಖಾನೆಯಲ್ಲಿ ಅದು ಅಪಾಯ. ವಾಂತಿಭೇದಿ ಇದ್ದವರು, ಕೈಗೆ ಗಾಯವಾದವರು ಆಹಾರ ಮುಟ್ಟಬಾರದು ಎಂಬುದು ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ನಿಯಮ. ಐನೂರಕ್ಕಾಗಿ ಅದನ್ನು ಬಚ್ಚಿಟ್ಟು ಬರುತ್ತಿದ್ದರು. ಕಾರ್ಮಿಕರ ವಿಮೆ ಇಎಸ್‌ಐನಲ್ಲಿ ಕೂಲಿಯ ಶೇ 70 ಕಾಯಿಲೆ ಭತ್ಯೆ ಇದೆಯಲ್ಲ ಎನ್ನಬೇಡಿ. ಅದಕ್ಕೆ ಮೊದಲು 78 ದಿನದ ವಂತಿಗೆ ಬೇಕು, ಸಾಮಾನ್ಯವಾಗಿ ಮೊದಲೆರಡು ದಿನಕ್ಕೆ ಹಣವೂ ಇಲ್ಲ. ಹೊಸಬರಿಗೆ ಸಿಗುವುದು ಚಿಕಿತ್ಸೆ ಮಾತ್ರ. ಗಾಯವಾದವರನ್ನು ಹೊರಗಿನ ಕಾರ್ಟನ್ ಗೋದಾಮಿಗೆ ಅದೇ ಕೂಲಿಗೆ ಹಾಕಿಸಿದೆ. ಹೊಟ್ಟೆ ಕೆಟ್ಟವರಿಗೆ ಎರಡು ದಿನ ಸಂಬಳಸಹಿತ ರಜೆ ಕೇಳಿದೆ, ಒಂದು ಸಿಕ್ಕಿತು. ಗುಣಮಟ್ಟ ವಿಭಾಗದ ಮೇಡಂ ನನ್ನ ಪರ ನಿಲ್ಲದಿದ್ದರೆ ಅದೂ ಇಲ್ಲ.

ಹಾಜರಾತಿಯ ಬೆರಳಚ್ಚು ಯಂತ್ರದ ಕಥೆ ಬೇರೆಯೇ ಇದೆ. ಎಣ್ಣೆ, ಖಾರದಪುಡಿ ಮೆತ್ತಿದ ಬೆರಳನ್ನು ಅದು ಗುರುತಿಸುತ್ತಿರಲಿಲ್ಲ. ಕೈ ತೊಳೆಯುವ ಜಾಗದ ಆಚೆಗೆ ಸರಿಸಿದರೆ ಒದ್ದೆ ಬೆರಳಿಗೂ ಅದೇ ಮುನಿಸು. ಕೊನೆಗೆ ಮುಖ ಗುರುತಿಸುವ ಯಂತ್ರ ತಂದರು. ಮಾಸ್ಕ್ ತೆಗೆಸಲು ಒಬ್ಬ ಸೆಕ್ಯುರಿಟಿ ಬೇಕಾಯಿತು.

ಜಾತ್ರೆಯ ಕ್ಯಾಲೆಂಡರ್ ಮಾತ್ರ ನನಗೆ ಹೆಮ್ಮೆಯದು. ಟೈಮ್ ಆಫೀಸಿನ ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಯಾರ ಊರಿನ ಹಬ್ಬ ಯಾವಾಗ ಎಂದು ಅವರಿಂದಲೇ ಕೇಳಿ ಬರೆದೆ: ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ, ಶಿವರಾತ್ರಿಗೆ ಸಿದ್ಧಗಂಗೆ, ಹೋಳಿಯ ನಂತರ ಕಲಬುರಗಿಯ ಶರಣಬಸವೇಶ್ವರ, ಜೂನ್ ನಡುವೆ ಒಡಿಶಾದವರ ರಜ ಹಬ್ಬ, ದೀಪಾವಳಿಯಾದ ಮೇಲೆ ಬಿಹಾರದವರ ಛಠ್ ಪೂಜೆ. ನಮ್ಮ ಸರಕಿಗೆ ದೀಪಾವಳಿಯೇ ಸುಗ್ಗಿ. ಆ ಹಾಳೆಯಿಂದಾಗಿ ಯಾರು ಆಗ ಇರುತ್ತಾರೆ ಎಂಬುದು ಆಗಸ್ಟ್‌ನಲ್ಲೇ ಗೊತ್ತಾಯಿತು, ಓವರ್‌ಟೈಮ್ ಬಿಲ್ಲು ಹಿಂದಿನ ವರ್ಷಕ್ಕಿಂತ ಸುಮಾರು ಕಾಲುಭಾಗ ಇಳಿಯಿತು.

ಸಂದರ್ಶನದಲ್ಲಿ ನಾನು ಕೇಳುವ ಒಂದು ಪ್ರಶ್ನೆಯಿದೆ. ಅದಕ್ಕೆ ಬರುವ ಉತ್ತರದಿಂದ ಯಾರು ನಿಲ್ಲುತ್ತಾರೆ ಎಂದು ಹತ್ತಕ್ಕೆ ಏಳು ಸಲ ಹೇಳಬಲ್ಲೆ. ಅದೂ ನನ್ನ ಬಳಿಯೇ ಇರಲಿ; ಈಗ ಅದೇ ಕಂಪನಿಯಲ್ಲಿ ಇಪ್ಪತ್ತೆರಡು ಸಾವಿರಕ್ಕೆ ಕಾಯಂ ಆಗಿದ್ದೇನೆ, ಹೊಟ್ಟೆಪಾಡು ನೋಡಬೇಕು. ಪ್ರಶ್ನೆ ಗೊತ್ತಿಲ್ಲದವರು ಆಯ್ಕೆಗೆ ಮುಂಚೆ ಎಲ್ಲರನ್ನೂ ಹುರಿಯುವ ಬಾಣಲೆಗಳ ಪಕ್ಕ ಅರ್ಧ ಗಂಟೆ ನಿಲ್ಲಿಸಿ. ಎಣ್ಣೆಯ ಘಾಟು ತಡೆಯದವರು ಅಲ್ಲೇ ಹೇಳಿಬಿಡುತ್ತಾರೆ, ಲಸಿಕೆಯ ದುಡ್ಡು ಉಳಿಯುತ್ತದೆ.

ಶನಿವಾರದ ಬಟವಾಡೆ ಮಾಡಿ ನೋಡುವವರು ಒಂದೇ ಲೈನ್‌ನಿಂದ ಆರಂಭಿಸಿ, ದೀಪಾವಳಿಗೆ ಮೂರು ತಿಂಗಳು ಇರುವಾಗಲೇ. ಹಣವನ್ನು ಪಾಳಿ ಮುಗಿದ ಮೇಲೆ ಕೊಡಿ, ಮಧ್ಯಾಹ್ನ ಬೇಡ. ಮಧ್ಯಾಹ್ನ ಕೊಟ್ಟ ಶನಿವಾರ ಊಟದ ನಂತರ ಲೈನ್ ಅರ್ಧ ಖಾಲಿಯಾಗಿತ್ತು.